ಸಮವಸ್ತ್ರದಲ್ಲಿ ‘ಸಮ’ ಎಲ್ಲಿದೆ?

ಪದ್ಯ ಬರೆಯುವವರಿಗೆ ಸರ್ಕಾರಿ ಆದೇಶದ ಜೊತೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಕೇಳಲಿ. ನಮ್ಮ ವಿಮರ್ಶಕ ಮಹಾಶಯರು ನವ್ಯರ ಒಂದೊಂದು ಪ್ರತಿಮೆಯ ಮೇಲೂ ಹತ್ತತ್ತು ಪುಟ ಬರೆದವರು. ಆ ಪ್ರತಿಮೆಗಳ ದೆಸೆಯಿಂದ ಯಾವ ಹುಡುಗಿಯೂ ಕಾಲೇಜಿನ ಗೇಟಿನ ಹೊರಗೆ ನಿಂತದ್ದಿಲ್ಲ. 2022ರ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರ ಹೊರಡಿಸಿದ ಸಮವಸ್ತ್ರದ ಆದೇಶವಾದರೋ ಪುಟ್ಟದು. ಆದರೆ ಅದರ ಮೂರು ನಾಲ್ಕು ಪದಗಳಿಗೆ ಎಷ್ಟೋ ಮಕ್ಕಳ ಓದು ಗಂಟುಬಿತ್ತು. ಹೀಗಿರುವಾಗ ನಿಕಟವಾಗಿ ಓದಬೇಕಾದ ಪಠ್ಯ ಯಾವುದು? ಶಾಲೆಯ ಬಟ್ಟೆಯ ನಿಯಮಗಳನ್ನು ನಾವಿಲ್ಲಿ ಪದ್ಯ ಓದುವ ಹಾಗೆಯೇ ಪದ ಬಿಡಿಸಿ ಓದಲು ಹೊರಟಿದ್ದೇವೆ. ಇದರಲ್ಲಿ ಸಾಹಿತ್ಯ ಎಲ್ಲಿದೆ ಅನ್ನುವವರು ಪುಟ ತಿರುವಿಕೊಳ್ಳಬಹುದು.

ಮೊದಲು ಶಬ್ದವನ್ನೇ ಹಿಡಿಯೋಣ. ಇಂಗ್ಲಿಷಿನ ಯೂನಿಫಾರ್ಮ್ ಅಂದರೆ ಒಂದೇ ರೂಪ. ಆ ಶಬ್ದಕ್ಕೆ ಹೊರಗಿನ ರೂಪ ಒಂದಾಗಿದ್ದರೆ ಸಾಕು, ಒಳಗಿನ ಮೈ ಹಸಿದಿದೆಯೋ ಉಂಡಿದೆಯೋ ಎಂಬ ಗೊಡವೆಯಿಲ್ಲ. ಕನ್ನಡಕ್ಕೆ ಅದನ್ನು ತಂದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ, ‘ಏಕವಸ್ತ್ರ’ ಎನ್ನಲಿಲ್ಲ. (ಅಂದಿದ್ದರೆ ದ್ರೌಪದಿಯ ಕಥೆಯಾಗುತ್ತಿತ್ತು, ಅದು ಬೇರೆ ಮಾತು.) ‘ಸಮವಸ್ತ್ರ’ ಅಂದರು. ಸಮ ಎಂಬುದು ತಕ್ಕಡಿಯ ಮಾತು. ಎರಡೂ ತಟ್ಟೆಗೆ ಒಂದೇ ಕಲ್ಲು ಹಾಕಿದರೆ ತಕ್ಕಡಿ ಸಮ ಆಗುವುದಿಲ್ಲ. ಯಾವ ತಟ್ಟೆಯಲ್ಲಿ ಮೊದಲೇ ಏನಿದೆ ಎಂದು ನೋಡಿ ಇನ್ನೊಂದು ಕಡೆಗೆ ತುಂಬಬೇಕು. ಸಂತೆಯಲ್ಲಿ ಸೊಪ್ಪು ಹರವಿಕೊಂಡು ಕೂತ ನಮ್ಮವ್ವಂದಿರಿಗೆ ಗೊತ್ತಿರುವ ಈ ಲೆಕ್ಕ ಶಿಕ್ಷಣ ಇಲಾಖೆಗೆ ಇನ್ನೂ ಗೊತ್ತಾಗಿಲ್ಲ. ಸರ್ಕಾರ ಕನ್ನಡದಲ್ಲಿ ಸಮವಸ್ತ್ರ ಎಂದು ಬರೆಯುತ್ತದೆ, ಇಂಗ್ಲಿಷಿನಲ್ಲಿ ಯೂನಿಫಾರ್ಮ್ ಎಂದು ಜಾರಿ ಮಾಡುತ್ತದೆ. ನಮ್ಮ ತಕರಾರೆಲ್ಲ ಇಷ್ಟೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಾವು ಸಮವಸ್ತ್ರದ ವಿರೋಧಿಗಳಲ್ಲ. ಬಟ್ಟೆಯಿಂದಲೇ ಜಾತಿ ಗುರುತು ಹಿಡಿಯುತ್ತಿದ್ದ ದೇಶದಲ್ಲಿ ಕೇರಿಯ ಹುಡುಗನಿಗೂ ಊರಿನ ಹುಡುಗನಿಗೂ ಒಂದೇ ಬಣ್ಣದ ಚಡ್ಡಿ ಎಂಬುದು ಸಣ್ಣ ಮಾತಲ್ಲ. ಮದರಾಸು ಪ್ರಾಂತ್ಯದ ರಾಮನಾಥಪುರ ಸೀಮೆಯಲ್ಲಿ 1930ರ ಡಿಸೆಂಬರಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ಕಟ್ಟಳೆ ಹೇರಿದರು. 1931ರ ಜೂನಿಗೆ ಅವು ಹನ್ನೊಂದಾದವು. ಮೊಣಕಾಲಿನ ಕೆಳಗೆ ಬಟ್ಟೆ ಇಳಿಯಕೂಡದು. ಚಿನ್ನ ಹಾಕಕೂಡದು. ಹೆಂಗಸರು ನೀರು ತರುವುದು ಮಣ್ಣಿನ ಕೊಡದಲ್ಲೇ, ತಲೆಯ ಮೇಲಿನ ಸಿಂಬಿ ಹುಲ್ಲಿನದೇ ಆಗಿರಬೇಕು, ಬಟ್ಟೆಯದಾಗಕೂಡದು! ನೋಡಿ, ಸಿಂಬಿಗೆ ಸುತ್ತಿಕೊಳ್ಳುವ ಚಿಂದಿಯ ಮೇಲೂ ಕಣ್ಣು. ಅದೇ ಪಟ್ಟಿಯಲ್ಲಿ ಇನ್ನೊಂದು ಕಟ್ಟಳೆ: ಇವರ ಮಕ್ಕಳು ಓದು ಕಲಿಯಕೂಡದು, ಮಿರಾಸುದಾರರ ದನ ಕಾಯಬೇಕು. ಬಟ್ಟೆ ಮತ್ತು ಅಕ್ಷರ ಒಂದೇ ಪಟ್ಟಿಯಲ್ಲಿ ಬಂದದ್ದು ಆಕಸ್ಮಿಕ ಅಂತೀರಾ? ಮೈ ಮುಚ್ಚಿಕೊಂಡವನು ತಲೆ ಎತ್ತುತ್ತಾನೆ, ತಲೆ ಎತ್ತಿದವನು ಹಲಗೆ ನೋಡುತ್ತಾನೆ ಎಂದು ಆ ಕಟ್ಟಳೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವುದಕ್ಕೆ 1859ರ ರಾಜಾಜ್ಞೆಯವರೆಗೆ ಕಾದಾಡಬೇಕಾಯಿತು. ಸತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂತದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಅದನ್ನು ಶಾಲೆಯ ಜವಾನ ಮುಟ್ಟುತ್ತಿರಲಿಲ್ಲವಾಗಿ ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕಿತ್ತು. ಬಟ್ಟೆಯ ಕಡೆಯಿಂದ ನೋಡಿದರೆ ಈ ದೇಶದ ಶಾಲೆಯ ಚರಿತ್ರೆ ಆ ಗೋಣಿತಟ್ಟಿನಿಂದ ಶುರುವಾಗುತ್ತದೆ.

ಆದ್ದರಿಂದ ನಮ್ಮಲ್ಲಿ ಅನೇಕರ ಪಾಲಿಗೆ ಮೊದಲ ಹೊಸ ಬಟ್ಟೆ ಅಂದರೆ ಸರ್ಕಾರ ಕೊಟ್ಟ ನೀಲಿ ಬಟ್ಟೆಯೇ. ಹಬ್ಬಕ್ಕೂ ಅದೇ, ಜಾತ್ರೆಗೂ ಅದೇ, ನೆಂಟರ ಮದುವೆಗೂ ಅದೇ. ಮದುವೆ ಮನೆಯಲ್ಲಿ ಯಾವ ಸ್ಕೂಲಪ್ಪಾ ನೀನು ಅಂತ ಯಾರೂ ಕೇಳಬೇಕಾಗಿರಲಿಲ್ಲ, ಮೈ ಮೇಲೇ ಬರೆದಿತ್ತು. ಇಲ್ಲಿಯೇ ಸಮವಸ್ತ್ರದ ಎರಡನೇ ಮುಖ ಕಾಣುವುದು. ಶಾಲೆಯ ಒಳಗೆ ಭೇದ ಅಳಿಸುವ ಅದೇ ಬಟ್ಟೆ ಶಾಲೆಯ ಹೊರಗೆ ಭೇದ ಸಾರುತ್ತದೆ. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ನಿಂತು ನೋಡಿ: ಟೈ ಕಟ್ಟಿದ್ದು ಕಾನ್ವೆಂಟು, ಬಣ್ಣ ಹೋದ ನೀಲಿ ಸರ್ಕಾರಿ. ಕಂಡಕ್ಟರನ ದನಿ ಕೂಡ ಬಟ್ಟೆ ನೋಡಿ ಬದಲಾಗುತ್ತದೆ. ಇದು ಸಮವಸ್ತ್ರ ಹುಟ್ಟಿದಾಗಿನಿಂದ ಇರುವ ಗುಣ. 1552ರಲ್ಲಿ ಲಂಡನ್ನಿನಲ್ಲಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಾರ್ಥ ಶಾಲೆಯ ಬಡ ಮಕ್ಕಳಿಗೆ ನೀಲಿ ಅಂಗಿ ತೊಡಿಸಿದರು. ನೀಲಿ ಅಗ್ಗದ ಬಣ್ಣವಾಗಿತ್ತು. ಇವರು ಯಾರ ಅನ್ನ ಉಣ್ಣುವವರು ಎಂದು ಬೀದಿಗೆಲ್ಲ ತಿಳಿಯುವಂತಾಯಿತು. ದೊಡ್ಡವರ ಮಕ್ಕಳು ಶಾಲೆಗೊಂದು ಬಟ್ಟೆ ಎಂದು ಹೆಮ್ಮೆಯಿಂದ ತೊಟ್ಟದ್ದು ಬಹಳ ಆಮೇಲೆ. ಸಮವಸ್ತ್ರ ಸಮಾನತೆಯಿಂದಲೇ ಹುಟ್ಟಿತು ಎಂದು ಭಾಷಣ ಬಿಗಿಯುವವರು ಇದನ್ನು ನೆನೆಯಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ ವರ್ಷಕ್ಕೆ ಎರಡು ಜೊತೆಗೆಂದು ಒಂದು ಮಗುವಿಗೆ ಇಟ್ಟ ಮೊತ್ತ 600 ರೂಪಾಯಿ. ಅದೂ ಎಂಟನೇ ತರಗತಿಯವರೆಗೆ. ಎಷ್ಟೋ ಕಡೆ ಬಟ್ಟೆ ಬರುತ್ತದೆ, ಹೊಲಿಗೆ ಕೂಲಿ ಬರುವುದಿಲ್ಲ. ಅಳತೆ ಯಾರೋ ಎಲ್ಲೋ ಕೂತು ಹಾಕಿದ್ದು. ಹುಡುಗ ಬಟ್ಟೆಯೊಳಗೆ ಈಜುತ್ತಾನೆ, ಇಲ್ಲವೇ ಬಟ್ಟೆ ಹುಡುಗನ ಮೇಲೆ ಬಿರಿಯುತ್ತದೆ. ಈ ಎರಡನೇ ಜೊತೆಯ ಸಂಗತಿ ಮಾತ್ರ ಸ್ವಲ್ಪ ನಿಂತು ನೋಡಬೇಕಾದ್ದು. ಒಂದೇ ಜೊತೆ ಇದ್ದ ಮಗು ಮಳೆಗಾಲದಲ್ಲಿ ಏನು ಮಾಡುತ್ತದೆ? ರಾತ್ರಿ ಒಗೆದು ಒಲೆಯ ಮೇಲೆ ಹರವುತ್ತದೆ. ಬೆಳಿಗ್ಗೆ ಅರೆ ಒದ್ದೆ, ಹೊಗೆ ವಾಸನೆ. ಕ್ಲಾಸಿನಲ್ಲಿ ಮೂಗು ಮುಚ್ಚಿಕೊಳ್ಳುವವರಿಗೆ ಆ ಹೊಗೆಯಲ್ಲಿ ಜಾತಿ ವಾಸನೆ ಹೊಡೆಯುತ್ತದೆ. ಉಚಿತ ಶಿಕ್ಷಣದ ಕಾನೂನು 2009ರಲ್ಲೇ ಬಂದಿದ್ದರೂ ಎರಡನೇ ಜೊತೆಗಾಗಿ ಒಬ್ಬ ಶಾಲಾ ಬಾಲಕನ ಹೆಸರಿನಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. 2019ರಲ್ಲಿ ಕೋರ್ಟು ಕೊಡಿ ಎಂದಿತು. 2023ರಲ್ಲಿ ಯಾಕೆ ಕೊಟ್ಟಿಲ್ಲ ಎಂದು ನ್ಯಾಯಾಂಗ ನಿಂದನೆಯ ಅರ್ಜಿಯಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪಾಠ ಮಾಡಲು ಹೋಗುವಾಗ ಮಡಿವಂತರು ಸಗಣಿ ಎರಚುತ್ತಿದ್ದುದರಿಂದ ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರಂತೆ. ಎರಡನೇ ಜೊತೆಯ ಬೆಲೆ ಆ ತಾಯಿಗೆ ಗೊತ್ತಿತ್ತು.

ಶೂ ವಿಚಾರ ಇನ್ನೂ ಸೊಗಸು. ಮೇಲಿನ ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಅಪ್ಪಂದಿರ ಮಕ್ಕಳು ನಾವು. ಕಾಲಿಗೆ ಕರೀ ಶೂ ಬಂದಾಗ ನಮ್ಮ ಹಟ್ಟಿಗಳಲ್ಲಿ ಏನಾಯಿತೆಂದು ಯಾವ ಅಂಕಿಅಂಶದ ಪುಸ್ತಕವೂ ಹೇಳಲಾರದು. ಆದರೆ 2022ರಲ್ಲಿ ಮೇ ತಿಂಗಳಿಗೆ ಶಾಲೆ ತೆರೆದವು, ಜುಲೈ ಬಂದರೂ ಶೂ ಬರಲಿಲ್ಲ. ಮಕ್ಕಳು ಶಾಲೆಗೆ ಬರುವುದು ಕಲಿಯುವುದಕ್ಕೇ ಹೊರತು ಶೂ ಸಾಕ್ಸ್ ಹಾಕಿಕೊಳ್ಳುವುದಕ್ಕಲ್ಲ ಎಂಬ ಅರ್ಥದ ಮಾತು ಶಿಕ್ಷಣ ಮಂತ್ರಿಗಳ ಬಾಯಿಂದಲೇ ಬಂತು. ಗದ್ದಲವೆದ್ದ ಮೇಲೆ ದುಡ್ಡು ಬಿಡುಗಡೆಯಾಯಿತು. ಓದುಗರೇ, ಇಸವಿ ಗಮನಿಸಿ. ಫೆಬ್ರವರಿಯಲ್ಲಿ ಇದೇ ಸರ್ಕಾರ ಬಟ್ಟೆ ಒಂದಾಗದೆ ಕಲಿಕೆಯೇ ಸಾಗದು ಎಂದು ಆದೇಶ ಬರೆದಿತ್ತು. ಜುಲೈನಲ್ಲಿ ಕಲಿಯುವುದಕ್ಕೆ ಶೂ ಯಾಕೆ ಅಂತು. ತಲೆಯ ಮೇಲಿನ ಬಟ್ಟೆ ಓದಿಗೆ ಅಡ್ಡಿ, ಕಾಲಿಗಿಲ್ಲದ ಶೂ ಅಡ್ಡಿಯಲ್ಲ! ಇಂಥ ಪದ್ಯ ಬರೆದವನನ್ನು ನಾವು ಕವಿ ಎಂದು ಕರೆಯುವುದಿಲ್ಲ.

ಖಾಸಗಿ ಶಾಲೆಗಳದು ಬೇರೆಯೇ ರಾಗ. ಒಂದೇ ಅಂಗಡಿಯಲ್ಲಿ ಕೊಳ್ಳಬೇಕು, ಜೇಬಿನ ಮೇಲೆ ಲಾಂಛನ, ಬುಧವಾರಕ್ಕೊಂದು ಬಣ್ಣ, ಶನಿವಾರಕ್ಕೆ ಬಿಳಿ, ಆಟಕ್ಕೆ ಇನ್ನೊಂದು. ಶಾಲೆಗಳೇ ಬಟ್ಟೆ ವ್ಯಾಪಾರ ಮಾಡಬಾರದೆಂದು ಸಿಬಿಎಸ್‌ಇ ಮಂಡಳಿ 2017ರಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು. ಸುತ್ತೋಲೆ ಸುತ್ತುತ್ತಲೇ ಇದೆ. ಹಕ್ಕಿನ ಸೀಟಿನಲ್ಲಿ ಸೇರಿದ ನಮ್ಮ ಕೇರಿಯ ಹುಡುಗರು ಫೀಸಿಲ್ಲದೆ ಒಳಗೆ ಹೋಗಿ ಬಟ್ಟೆಯಿಲ್ಲದೆ ಹೊರಗೆ ಬಂದದ್ದನ್ನು ನಾವು ಕಂಡಿದ್ದೇವೆ. ಶನಿವಾರದ ಬಿಳಿಯ ಬಗ್ಗೆ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ. ತಿಂಗಳ ಆ ದಿನಗಳಲ್ಲಿ ಬಿಳಿ ಬಟ್ಟೆ ತೊಟ್ಟು ಬೆಂಚಿನಿಂದ ಏಳಲಾರದೆ ಕೂತ ಹುಡುಗಿಗೆ ಪರಿಶುಭ್ರತೆಯ ಪಾಠ ಯಾರು ಹೇಳುತ್ತಾರೋ ಹೇಳಲಿ. ಬಿಳಿಯನ್ನು ಆರಿಸಿದ ಸಮಿತಿಯಲ್ಲಿ ಒಬ್ಬ ಹುಡುಗಿಯಾದರೂ ಇದ್ದಿದ್ದರೆ ಆ ಬಣ್ಣ ಬರುತ್ತಿತ್ತೇ?

ಕೂದಲ ನಿಯಮವನ್ನೂ ಓದಿ. ಕೂದಲು ಚಿಕ್ಕದಾಗಿ ಕತ್ತರಿಸಿರಬೇಕು, ಇಲ್ಲವಾದರೆ ಕ್ಲಾಸಿನ ಹೊರಗೆ. ಎಷ್ಟು ಸರಳವಾದ, ಜಾತಿಯ ಸೋಂಕೇ ಇಲ್ಲದ ವಾಕ್ಯ! ಆದರೆ ಕೇರಿಯವರ ತಲೆ ಮುಟ್ಟದ ಕ್ಷೌರದಂಗಡಿಗಳು ಈ ನಾಡಿನಲ್ಲಿ ಇನ್ನೂ ಇವೆ. ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರ ಮಾಡಿಸಿಕೊಳ್ಳಲು ಹೋದ ದಲಿತ ಯುವಕ ಕತ್ತರಿಗೆ ಬಲಿಯಾದ. ಅಂಥ ಊರಿನ ಶಾಲೆಯಲ್ಲಿ ಈ ವಾಕ್ಯ ಯಾರ ಮೇಲೆ ಬೀಳುತ್ತದೆ? ಡ್ರಿಲ್ ಮೇಷ್ಟ್ರು ಕೂದಲು ಹಿಡಿದು ಎಳೆಯುವ ಹುಡುಗ ಪಕ್ಕದ ಪಟ್ಟಣದವರೆಗೆ ಬಸ್ಸಿನ ದುಡ್ಡು ಹೊಂದಿಸಿಕೊಂಡು ಹೋಗಿ ಬರಬೇಕು. ನಿಯಮ ಎಲ್ಲರಿಗೂ ಒಂದೇ, ದಾರಿ ಒಂದೇ ಅಲ್ಲ. ಯೂನಿಫಾರ್ಮ್ ಅಂದರೆ ಇದು.

ಈಗ 2022ರ ಆದೇಶಕ್ಕೆ ಬರೋಣ. ಅದರ ಕಾಲು ನಿಂತಿರುವುದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 133(2)ನೇ ಕಲಮಿನ ಮೇಲೆ. ಸರ್ಕಾರಿ ಶಾಲೆಗೆ ಸರ್ಕಾರ ಹೇಳಿದ ಬಟ್ಟೆ, ಖಾಸಗಿ ಶಾಲೆಗೆ ಆಡಳಿತ ಮಂಡಳಿ ಹೇಳಿದ್ದು, ಪದವಿಪೂರ್ವ ಕಾಲೇಜಿಗೆ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ್ದು. ಬಟ್ಟೆ ಗೊತ್ತುಮಾಡಿರದ ಕಡೆ ಸಮಾನತೆಗೆ, ಐಕ್ಯತೆಗೆ, ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರದ ಉಡುಪು. ಈ ಮೂರು ಶಬ್ದಗಳು ಸಾಲಾಗಿ ಬರುವುದನ್ನು ನೋಡಿ. ಸಮಾನತೆ ಮೊದಲು ಬಂದು ಕೂರುತ್ತದೆ, ಕಡೆಗೆ ಪೊಲೀಸು ಬಂದು ನಿಲ್ಲುತ್ತಾನೆ. ‘ಸಾರ್ವಜನಿಕ ಸುವ್ಯವಸ್ಥೆ’ ಎಂದರೆ ಏನು ಎಂಬುದರ ಮೇಲೆ ಹೈಕೋರ್ಟಿನಲ್ಲೇ ವಾದ ನಡೆಯಿತು. ಸಂವಿಧಾನದ ಕನ್ನಡ ಪಠ್ಯದಲ್ಲಿ ಈ ಶಬ್ದಕ್ಕೆ ಗಲಭೆ ಗದ್ದಲ ತಡೆಯುವ ಅರ್ಥವೇ ಇದೆಯಲ್ಲ, ಅದನ್ನು ಹುಡುಗಿಯ ತಲೆವಸ್ತ್ರಕ್ಕೆ ಹೇಗೆ ಕಟ್ಟುತ್ತೀರಿ ಎಂದು ವಿದ್ಯಾರ್ಥಿನಿಯರ ಪರ ವಕೀಲರು ಕೇಳಿದರು. ಆದೇಶವನ್ನು ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಎಂದು ಸರ್ಕಾರದ ಪರ ವಕೀಲರೇ ಒಪ್ಪಬೇಕಾಯಿತು. ಕನ್ನಡ ಶಬ್ದವೊಂದರ ಅರ್ಥಕ್ಕೆ ಇಷ್ಟು ಬೆಲೆ ಬಂದ ದಿನಗಳಲ್ಲಿ ನಮ್ಮ ಭಾಷಾಪಂಡಿತರು ಎಲ್ಲಿದ್ದರೋ!

ಬಟ್ಟೆ ಬದಲಾಯಿಸುವುದಕ್ಕೂ ಒಂದು ರೀತಿ ನೀತಿ ಇದೆ. 1995ರ ನಿಯಮಗಳಲ್ಲಿ 11ನೆಯದು ಹೇಳುತ್ತದೆ: ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಕೂಡದು, ಬದಲಿಸುವುದಾದರೆ ತಂದೆತಾಯಿಗಳಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಇದನ್ನು ಬರೆದವರಿಗೆ ಬಡವರ ಮನೆಯ ಪೆಟ್ಟಿಗೆ ಗೊತ್ತಿತ್ತು. ಅಣ್ಣನ ಅಂಗಿ ತಮ್ಮನಿಗೆ ಬರುವ ಲೆಕ್ಕ ಅದರಲ್ಲಿದೆ. ಹಣಕ್ಕೆ ಒಂದು ವರ್ಷದ ಗಡುವು ಕೊಡುವ ನಿಯಮದ ಎದುರಿಗೆ ನಂಬಿಕೆಗೆ ಒಂದು ವಾರವೂ ಕೊಡದೆ, ಪರೀಕ್ಷೆ ಎದುರಿಗಿರುವಾಗ ಗೇಟು ಹಾಕಿದ್ದನ್ನು ಇಟ್ಟು ನೋಡಿ.

ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಅವರಿಗೆ ಬಟ್ಟೆಯ ಏಕರೂಪದಲ್ಲಿ ಸಮಾನತೆ ಕಂಡಿತು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರಿಗೆ ಹುಡುಗಿ ಕಂಡಳು. ಶಾಲೆಯ ಚೀಲ ಹೆಗಲಿಗೇರಿಸುವ ಮೊದಲು ಗುಡಿಸಿ ಒಗೆದು ಅವ್ವನಿಗೆ ನೆರವಾಗಿ ಬರುವ ಹಳ್ಳಿ ಹುಡುಗಿಯನ್ನು ಅವರು ತೀರ್ಪಿನೊಳಗೆ ಕರೆತಂದರು. ಅವಳ ಬದುಕನ್ನು ನಾವು ಹಸನು ಮಾಡುತ್ತಿದ್ದೇವೆಯೇ ಎಂದು ಕೇಳಿದರು. ಕಾನೂನಿನ ತೂಕ ಕಾನೂನು ಬಲ್ಲವರು ನೋಡಿಕೊಳ್ಳಲಿ. ಬರವಣಿಗೆಯಾಗಿ ಎರಡನ್ನೂ ಓದಿದಾಗ ಒಂದರಲ್ಲಿ ಬಟ್ಟೆ ಇದೆ, ಇನ್ನೊಂದರಲ್ಲಿ ಮನುಷ್ಯರಿದ್ದಾರೆ. ನಮ್ಮ ಪಕ್ಷಪಾತ ಮನುಷ್ಯರ ಕಡೆಗೆ.

ಇಲ್ಲಿ ನಮ್ಮವರೇ ಕೆಲವರು ಅಡ್ಡಪ್ರಶ್ನೆ ಹಾಕುತ್ತಾರೆ. ಬಾಬಾಸಾಹೇಬರು 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ನಮ್ಮ ಹೆಂಗಸರಿಗೆ ಏನು ಹೇಳಿದರು? ಜಾತಿ ಸಾರುವ ಉಡುಗೆ ಬಿಡಿ, ಮೊಣಕಾಲಿಗೇರಿಸಿ ಉಡುವ ಸೀರೆ ಬಿಡಿ, ಕೈ ಕೊರಳು ತುಂಬಿದ ಬೆಳ್ಳಿ ಬಿಡಿ, ಮೇಲುಜಾತಿಯವರು ಉಡುವ ಹಾಗೆಯೇ ಉಡಿ ಅಂದರು. ಪರದೆಯನ್ನು ತಮ್ಮ ಬರಹದಲ್ಲಿ ಕಟುವಾಗಿ ಟೀಕಿಸಿದವರೂ ಅವರೇ. ಹಂಗಾದ್ರೆ ನೀವು ಪರದೆಯ ಪರ ನಿಂತದ್ದು ಯಾವ ಸೀಮೆ ಅಂಬೇಡ್ಕರ್‌ವಾದ?

ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಹೇಳಬೇಕು. ಪರದೆ ಹೆಣ್ಣನ್ನು ಮನೆಯ ಕತ್ತಲಿಗೆ ನೂಕುವ ವ್ಯವಸ್ಥೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ; ಎಲ್ಲ ಧರ್ಮಗಳ ಪುರೋಹಿತಶಾಹಿಯೂ ಹೆಣ್ಣಿನ ಮೈ ಮೇಲೆಯೇ ತನ್ನ ಬಾವುಟ ಹಾರಿಸುತ್ತದೆ ಎಂಬುದನ್ನು ಹೇಳಲು ನಮಗೆ ಯಾರ ಅಪ್ಪಣೆಯೂ ಬೇಡ. ಆದರೆ ಮಹಾಡಿನಲ್ಲಿ ಆದದ್ದೇನು? ತಮ್ಮವರೊಬ್ಬರು ಎದುರಿಗೆ ನಿಂತು ಮಾತಾಡಿದರು, ಆ ತಾಯಂದಿರು ಕೇಳಿದರು, ಸೀರೆಯನ್ನು ತಾವೇ ಬೇರೆ ರೀತಿ ಉಟ್ಟು ಸಭೆಗೆ ಬಂದರು. ಹಳೇ ರೀತಿ ಉಟ್ಟವಳು ಸಮ್ಮೇಳನದೊಳಕ್ಕೆ ಬರಕೂಡದು ಎಂದು ಯಾರೂ ಬಾಗಿಲಲ್ಲಿ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತವರು ಯಾವಾಗಲೂ ಬೇರೆಯವರು. ಉಟ್ಟವಳೇ ಬಿಡುವುದು ಬೇರೆ, ಗೇಟಿನಲ್ಲಿ ಬಿಚ್ಚಿಸುವುದು ಬೇರೆ. ಬಿಚ್ಚದಿದ್ದರೆ ಮನೆಗೆ ಹೋಗು ಎಂದಾಗ ಆ ಹುಡುಗಿ ಹೋಗುವುದು ಎಲ್ಲಿಗೆ? ಪರದೆಯ ಮನೆಗೇ. ಪರದೆಯಿಂದ ಬಿಡಿಸುತ್ತೇವೆ ಎಂದು ಹೊರಟವರು ಕೊನೆಗೆ ಮಾಡಿದ್ದು ಮೌಲ್ವಿಯ ಕೆಲಸವನ್ನೇ!

ಚಿಕ್ಕಮಗಳೂರಿನಲ್ಲಿ ಆ ಫೆಬ್ರವರಿಯಲ್ಲಿ ನಮ್ಮ ಹುಡುಗರು ನೀಲಿ ಶಾಲು ಹಾಕಿಕೊಂಡು ಜೈ ಭೀಮ್ ಕೂಗುತ್ತ ಆ ಹೆಣ್ಣುಮಕ್ಕಳ ಪರವಾಗಿ ನಿಂತರು. ಎದುರಿಗೆ ಕೇಸರಿ ಶಾಲು. ಎರಡೂ ಶಾಲೇ ಅಲ್ಲವೇ ಅಂದವರಿಗೆ ನಮ್ಮ ಉತ್ತರ: ಹೌದು, ಎರಡೂ ಆ ಹೊತ್ತಿಗಾಗಿ ಬಂದವು, ಎರಡನ್ನೂ ಕ್ಲಾಸಿನ ಹೊರಗೆ ಮಡಿಸಿಡಿ ಅಂದರೆ ನಮ್ಮ ತಕರಾರಿಲ್ಲ. ತಲೆವಸ್ತ್ರ ಆ ಹೊತ್ತಿಗಾಗಿ ಬಂದದ್ದಲ್ಲ. ಅದನ್ನು ಶಾಲಿನ ಜೊತೆ ಒಂದೇ ತಟ್ಟೆಗೆ ಹಾಕಿದ್ದೇ ತೂಕದ ಮೋಸ.

ಹಾಗಾದರೆ ಮೈ ಮೇಲೆ ಏನು ಹಾಕಿಕೊಂಡು ಬಂದರೂ ನಡೆಯುತ್ತದೋ? ಇಲ್ಲ. ತಮಿಳುನಾಡನ್ನು ನೋಡಿ. ಅಲ್ಲಿನ ತೆಂಕಣ ಜಿಲ್ಲೆಗಳ ಶಾಲೆಗಳಲ್ಲಿ ಸಮವಸ್ತ್ರ ಒಂದೇ, ಮಣಿಕಟ್ಟಿನ ದಾರದ ಬಣ್ಣ ಬೇರೆ ಬೇರೆ. ಒಂದೊಂದು ಜಾತಿಗೆ ಒಂದೊಂದು ಬಣ್ಣ. ಅಂಗಿ ಮುಚ್ಚಿದ್ದನ್ನು ದಾರ ಹೇಳುತ್ತಿತ್ತು. ಗುಂಪು ಕಟ್ಟುವುದಕ್ಕೂ ಹೊಡೆಯುವುದಕ್ಕೂ ಅದೇ ಗುರುತು. 2019ರಲ್ಲಿ ಶಿಕ್ಷಣ ಇಲಾಖೆ ತಡೆಯಲು ಹೋಯಿತು, ಮಂತ್ರಿಗಳು ಹಿಂದೆ ಸರಿದರು. 2023ರ ಆಗಸ್ಟಿನಲ್ಲಿ ನಾಂಗುನೇರಿಯಲ್ಲಿ ದಲಿತ ಹುಡುಗನೊಬ್ಬನ ಮನೆಗೇ ನುಗ್ಗಿ ಅವನ ಶಾಲೆಯ ಹುಡುಗರೇ ಮಚ್ಚು ಬೀಸಿದರು. ಅವನ ತಂಗಿಯನ್ನೂ ಬಿಡಲಿಲ್ಲ. ಆಮೇಲೆ ನೇಮಕವಾದ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ 2024ರ ಜೂನ್‌ನಲ್ಲಿ ವರದಿ ಕೊಟ್ಟು ಬಣ್ಣದ ದಾರ, ಉಂಗುರ, ಹಣೆಯ ಗುರುತುಗಳನ್ನು ಶಾಲೆಯಲ್ಲಿ ನಿಷೇಧಿಸಬೇಕೆಂದಿತು. ಹಣೆಯ ಗುರುತಿನ ಮಾತಿನಲ್ಲಿ ನಾವು ಅಷ್ಟು ದೂರ ಹೋಗಲಾರೆವು. ಕುಂಕುಮ ಇಟ್ಟ ಹುಡುಗಿ ಯಾರನ್ನೂ ಹೊಡೆಯಲು ಬಂದವಳಲ್ಲ. ಆದರೆ ದಾರದ ವಿಚಾರದಲ್ಲಿ ಸಮಿತಿಯ ಮಾತು ಸರಿ. ಆ ದಾರ ಕಟ್ಟಿಕೊಂಡವನಿಗೆ ಅದು ದೇವರೂ ಅಲ್ಲ, ಚಳಿಗೆ ಬಟ್ಟೆಯೂ ಅಲ್ಲ. ಪಕ್ಕದವನನ್ನು ಅಳೆಯುವ ಗಜಕಡ್ಡಿ. ನಮ್ಮ ಗೆರೆ ಇಲ್ಲಿದೆ: ಮೈ ಮೇಲಿನ ವಸ್ತು ಪಕ್ಕದ ಮಗುವನ್ನು ಹೆದರಿಸುತ್ತದೋ, ತೊಟ್ಟ ಮಗುವಿಗೆ ಶಾಲೆಗೆ ಬರಲು ಧೈರ್ಯ ಕೊಡುತ್ತದೋ?

ಇದೇ ಗೆರೆ ಜನಿವಾರಕ್ಕೂ ಅನ್ವಯ. 2025ರ ಏಪ್ರಿಲ್‌ನಲ್ಲಿ ಬೀದರಿನಲ್ಲಿ ಸಿಇಟಿ ಗಣಿತ ಪರೀಕ್ಷೆಗೆ ಬಂದ ಹುಡುಗನೊಬ್ಬನಿಗೆ ಜನಿವಾರ ತೆಗೆ ಎಂದರು. ಅವನು ಬರೆಯದೆ ವಾಪಸ್ಸಾದ. ಅನ್ಯಾಯ. ಜನಿವಾರದ ಚರಿತ್ರೆಯ ಬಗ್ಗೆ ನಮಗೆ ಹೇಳಲು ಬೇಕಾದಷ್ಟಿದೆ, ಆದರೆ ಅದನ್ನು ಹದಿನೆಂಟರ ಹುಡುಗನ ಪರೀಕ್ಷೆಯ ಬಾಗಿಲಲ್ಲಿ ಹೇಳುವುದಿಲ್ಲ. ಕೆಲವೇ ದಿನಗಳಲ್ಲಿ ತಡೆದವರ ಮೇಲೆ ಕ್ರಮವಾಯಿತು, ಮಂತ್ರಿಗಳು ಸಾಲುಗಟ್ಟಿ ಖಂಡಿಸಿದರು. ಹಾಗೇ ಆಗಬೇಕು. ಮೂರು ವರ್ಷ ಹಿಂದೆ, ಅದೇ ಏಪ್ರಿಲ್ ತಿಂಗಳಲ್ಲಿ, ಉಡುಪಿಯಲ್ಲಿ ಪಿಯು ಪರೀಕ್ಷೆಗೆ ಬಂದ ಹುಡುಗಿಯರಿಬ್ಬರು ಹಾಲ್ ಟಿಕೆಟ್ ಹಿಡಿದುಕೊಂಡೇ ವಾಪಸ್ಸಾಗಿದ್ದರು. ಆಗ ಖಂಡಿಸುವುದಿರಲಿ, ಸರ್ಕಾರದ ಒಂದು ಕುರ್ಚಿಯೂ ಅಲುಗಲಿಲ್ಲ. ಅಂಗಿಯ ಒಳಗಿನ ದಾರಕ್ಕೊಂದು ನ್ಯಾಯ, ತಲೆಯ ಮೇಲಿನ ಬಟ್ಟೆಗೊಂದು ನ್ಯಾಯ. ಸಮ ಎಲ್ಲಿದೆ ಸ್ವಾಮಿ?

ಕೊನೆಗೆ ಬರುವುದು ಬರೆಯುವ ಕೈ ಯಾರದು ಎಂಬ ಹಳೇ ಪ್ರಶ್ನೆಗೆ. ಸಾಹಿತ್ಯದಲ್ಲಿ ನಾವು ಕೇಳಿಕೊಂಡು ಬಂದದ್ದೂ ಇದೇ. ಉಚಿತ ಶಿಕ್ಷಣದ ಕಾನೂನಿನ 21ನೇ ಕಲಮಿನ ಪ್ರಕಾರ ಸರ್ಕಾರಿ, ಅನುದಾನಿತ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಒಂದನೇ ಕ್ಲಾಸಿನ ಮಗುವಿಗೆ ಇಷ್ಟು ಕಾವಲು. ಅದೇ ಮಗು ಹದಿನಾರು ತುಂಬಿ ಪಿಯು ಕಾಲೇಜಿಗೆ ಬಂದರೆ? ಅಲ್ಲಿನ ಅಭಿವೃದ್ಧಿ ಸಮಿತಿಗೆ 2014ರ ಸುತ್ತೋಲೆಯಂತೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ವೋಟಿನ ಲೆಕ್ಕ ಹಾಕುವವರ ಕೈಗೆ ಹುಡುಗಿಯ ತಲೆಯ ಲೆಕ್ಕ! 2022ರ ಬೆಂಕಿಗೆ ಸೌದೆ ಬಿದ್ದದ್ದು ಈ ಕುರ್ಚಿಯಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪಿಯು ಕಾಲೇಜಿನ ಬಟ್ಟೆಯನ್ನು ಗೊತ್ತುಮಾಡುವ ಸಮಿತಿಯಿಂದ ಶಾಸಕರು ಎದ್ದು ಹೋಗಬೇಕು. ಆ ಜಾಗದಲ್ಲಿ ಪೋಷಕರೂ, ವಿದ್ಯಾರ್ಥಿಗಳೂ, ಅದರಲ್ಲೂ ಹೆಣ್ಣುಮಕ್ಕಳೂ ಕೂರಬೇಕು.

ಅಲ್ಲಿ ಕೂತವರು ಎಲ್ಲಕ್ಕಿಂತ ಮೊದಲು ತಮ್ಮ ಶಾಲೆಯ ಅತ್ಯಂತ ಬಡ ಮಗುವಿನ ಮನೆಯ ಪೆಟ್ಟಿಗೆ ತೆಗೆದು ನೋಡಲಿ. ಅದಕ್ಕೆ ಕೊಳ್ಳಲಾಗದ ಬಟ್ಟೆ ಸಮವಸ್ತ್ರವಲ್ಲ. ಸಂತೆಯಲ್ಲಿ ಸಿಗುವ ಬಣ್ಣ, ಯಾವ ದರ್ಜಿ ಬೇಕಾದರೂ ಹೊಲಿಯಬಹುದಾದ ಹೊಲಿಗೆ, ಉದ್ದ ಬಿಡಿಸಿಕೊಳ್ಳಲು ಮಡಿಕೆ. ಬಿಳಿ ಬೇಡ. ಹುಡುಗಿಗೆ ಲಂಗವೋ ಚೂಡಿದಾರವೋ ಪ್ಯಾಂಟೋ ಅವಳ ಆಯ್ಕೆ. ತಲೆ ಮುಚ್ಚುವವಳು ಅದೇ ಬಣ್ಣದ ಬಟ್ಟೆಯಲ್ಲಿ ಮುಚ್ಚಲಿ, ಸಿಖ್ಖರ ಹುಡುಗ ಅದೇ ಬಣ್ಣದ ಪೇಟ ಸುತ್ತಲಿ. ದುಪಟ್ಟಾಕ್ಕೆ ಒಪ್ಪುವ ಬಣ್ಣ ತಲೆಗೆ ಯಾಕೆ ಒಪ್ಪದು? ಊರುಗೋಲು ಹಿಡಿದವನಿಗೆ, ಗಾಲಿಕುರ್ಚಿಯವಳಿಗೆ ಗುಂಡಿಯ ಬದಲು ಏನು ಅನುಕೂಲವೋ ಅದು. ಹರಿದದ್ದಕ್ಕೆ, ಒದ್ದೆಯಾದದ್ದಕ್ಕೆ, ಇಲ್ಲದ್ದಕ್ಕೆ ಯಾವ ಮಗುವನ್ನೂ ಹೊರಗೆ ನಿಲ್ಲಿಸಕೂಡದು ಎಂಬ ಸಾಲು ಮಾತ್ರ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರಲಿ.

ಕೇರಿಯ ತಾಯಂದಿರು ಈ ಸಮಿತಿಗಳಲ್ಲಿ ಈಗಲೂ ಹೆಸರಿಗೆ ಇದ್ದಾರೆ. ಮೇಷ್ಟ್ರು ಪುಸ್ತಕ ಮನೆಗೆ ಕಳಿಸುತ್ತಾರೆ, ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ, ಠರಾವು ಪಾಸು. ಹಟ್ಟಿಯಲ್ಲಿ ಓದು ಬಲ್ಲ ಗೆಳೆಯರೇ, ಮುಂದಿನ ಸಲ ಆ ಪುಸ್ತಕ ಬಂದಾಗ ಸಹಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳಿ. ಮೀಟಿಂಗು ಯಾವಾಗ ಎಂದು ಕೇಳಿ. ಬೆಳಿಗ್ಗೆ ಹನ್ನೊಂದಕ್ಕೆ ಅಂದರೆ ಕೂಲಿ ಹೋಗುತ್ತದೆ, ಸಂಜೆ ಆರಕ್ಕೆ ಇಡಿ ಅನ್ನಿ. ದೀಪ ಇಲ್ಲ ಅಂದರೆ ಲಾಟೀನು ನಾವು ತರುತ್ತೇವೆ.